ಡೇಟಾ ಬದಲಾದರೂ ಪರದೆ ಬದಲಾಗದಿದ್ದಾಗ: ಆಂಗ್ಯುಲರ್ ಚೇಂಜ್ ಡಿಟೆಕ್ಷನ್‌ನ ಜಾಡು ಹಿಡಿಯುವ ಕ್ರಮ

ಸರ್ವರ್‌ನಿಂದ ಹೊಸ ಡೇಟಾ ಬಂದಿರುತ್ತದೆ, ಕನ್ಸೋಲ್‌ನಲ್ಲಿ ಲಾಗ್ ಮಾಡಿದರೆ ಹೊಸ ಮೌಲ್ಯವೇ ಕಾಣುತ್ತದೆ, ಆದರೆ ಪರದೆಯ ಮೇಲೆ ಮಾತ್ರ ಹಳೆಯದೇ ಉಳಿದಿರುತ್ತದೆ. ಬಳಕೆದಾರರು ಸಂಬಂಧವೇ ಇಲ್ಲದ ಯಾವುದೋ ಬಟನ್ ಒತ್ತಿದ ಕೂಡಲೇ ಎಲ್ಲವೂ ಸರಿಹೋಗುತ್ತದೆ. ಬೆಂಗಳೂರಿನಲ್ಲಿ ವೆಬ್ ಪುಟಗಳನ್ನು ಕಟ್ಟಲು ಆಂಗ್ಯುಲರ್ ಎಂಬ ಫ್ರೇಮ್‌ವರ್ಕ್ ಬಳಸುವ ಯಾವ ತಂಡದವರನ್ನು ಕೇಳಿದರೂ ಈ ದೂರು ಅವರಿಗೆ ಹೊಸದಲ್ಲ. ಅದಕ್ಕೆ ಮಾಡುವ ಉಪಾಯವೂ ಹೊಸದಲ್ಲ: ಎಲ್ಲೋ ಒಂದು ಕಡೆ ಕೆಲಸವನ್ನು ತುಸು ಮುಂದೂಡುವ ಸೆಟ್‌ಟೈಮ್‌ಔಟ್ ಸೇರಿಸುತ್ತಾರೆ, ಇಲ್ಲವೇ ಪರದೆಯನ್ನು ಆಗಲೇ ತಪಾಸಣೆ ಮಾಡಿಸುವ ಡಿಟೆಕ್ಟ್‌ಚೇಂಜಸ್ ಕರೆಯುತ್ತಾರೆ. ಇವು ಹಲವು ಸಲ ಕೆಲಸ ಮಾಡುತ್ತವೆ ಎಂಬುದೇ ನನ್ನ ಚಿಂತೆಗೆ ಕಾರಣ. ಏಕೆ ಕೆಲಸ ಮಾಡಿತು ಎಂದು ತಿಳಿಯದೆ ಉಳಿಸಿಕೊಂಡ ಸಾಲನ್ನು ಮುಂದೆ ಆ ಕೋಡ್ ಮುಟ್ಟುವ ಯಾರೂ ಧೈರ್ಯವಾಗಿ ತೆಗೆಯಲಾರರು.

ಊಹೆಯ ಬದಲು ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳುವುದನ್ನು ರೂಢಿಸಿಕೊಂಡರೆ ಇಂಥ ದೋಷಗಳ ಮೂಲ ಬಹುಪಾಲು ಸಿಕ್ಕೇ ಸಿಗುತ್ತದೆ. ಏನೋ ಬದಲಾಗಿರಬಹುದು ಎಂದು ಫ್ರೇಮ್‌ವರ್ಕ್‌ಗೆ ಯಾರು ತಿಳಿಸಿದರು? ಅದು ಹೊರಡಿಸಿದ ತಪಾಸಣೆ (ಇದೇ ಚೇಂಜ್ ಡಿಟೆಕ್ಷನ್) ಈ ಕಾಂಪೊನೆಂಟ್‌ನವರೆಗೆ, ಅಂದರೆ ಪುಟದ ಈ ತುಣುಕಿನವರೆಗೆ ತಲುಪಿತೇ? ತಲುಪಿದ ಮೇಲೆ ಹಳೆಯ ಮೌಲ್ಯಕ್ಕೂ ಹೊಸದಕ್ಕೂ ವ್ಯತ್ಯಾಸ ಕಂಡಿತೇ? ಒಂದು ಪ್ರಶ್ನೆಗೆ ಖಚಿತ ಉತ್ತರ ಸಿಗುವವರೆಗೆ ಮುಂದಿನದಕ್ಕೆ ಹೋಗಬಾರದು.

ವಿವರಣೆಗಾಗಿ ಒಂದು ಪುಟವನ್ನು ಕಲ್ಪಿಸಿಕೊಳ್ಳೋಣ. ಮೆಜೆಸ್ಟಿಕ್‌ನ ನಾಡಪ್ರಭು ಕೆಂಪೇಗೌಡ ಮೆಟ್ರೋ ನಿಲ್ದಾಣದಲ್ಲಿ ನೇರಳೆ ಮತ್ತು ಹಸಿರು ಮಾರ್ಗಗಳು ಕೂಡುತ್ತವೆ. ಅಲ್ಲಿಗೆ ಮುಂದೆ ಬರಲಿರುವ ರೈಲುಗಳನ್ನು ತೋರಿಸುವುದು ನಮ್ಮ ಪುಟದ ಕೆಲಸ. ಎಲ್ಲಕ್ಕೂ ಮೇಲೆ ನಿಲ್ದಾಣ ಎಂಬ ಕಾಂಪೊನೆಂಟ್ ಇದೆ, ಅದರೊಳಗೆ ಮಾರ್ಗಕ್ಕೊಂದು ಫಲಕ, ಫಲಕದೊಳಗೆ ರೈಲಿಗೊಂದು ಸಾಲು. ಸಾಲಿನಲ್ಲಿ ರೈಲು ಚಲ್ಲಘಟ್ಟದ ಕಡೆಗೋ ವೈಟ್‌ಫೀಲ್ಡ್ ಕಡೆಗೋ, ಬರಲು ಇನ್ನೆಷ್ಟು ನಿಮಿಷ ಎಂಬ ಎರಡೇ ಮಾಹಿತಿ. ನಿಮಿಷಗಳ ಲೆಕ್ಕ ಸರ್ವರ್ ಜೊತೆ ತೆರೆದೇ ಇರುವ ವೆಬ್‌ಸಾಕೆಟ್ ಸಂಪರ್ಕದ ಮೂಲಕ ಬರುತ್ತಲೇ ಇರುತ್ತದೆ.

ಯಾರು ತಿಳಿಸಿದರು?

ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ವೇರಿಯಬಲ್‌ನ ಮೌಲ್ಯವನ್ನು 4ರಿಂದ 3ಕ್ಕೆ ಇಳಿಸಿದರೆ ಮೆಮೊರಿಯಲ್ಲಿ ಒಂದು ಸಂಖ್ಯೆ ಬದಲಾಗುತ್ತದೆಯೇ ಹೊರತು ಆ ಸುದ್ದಿ ತಾನಾಗಿ ಯಾರಿಗೂ ಮುಟ್ಟುವುದಿಲ್ಲ. ಡಾಮ್‌ನಲ್ಲಿರುವ, ಅಂದರೆ ಬ್ರೌಸರ್ ಹಿಡಿದಿಟ್ಟಿರುವ ಪುಟದ ರಚನೆಯಲ್ಲಿರುವ ಪಠ್ಯಕ್ಕೂ ಆ ವೇರಿಯಬಲ್‌ಗೂ ಬ್ರೌಸರ್‌ನ ಮಟ್ಟಿಗೆ ಯಾವ ನಂಟೂ ಇಲ್ಲ. ನಂಟನ್ನು ಬೆಸೆಯುವುದು ಫ್ರೇಮ್‌ವರ್ಕ್‌ನ ಕೆಲಸ, ಮತ್ತು ಒಂದೊಂದೂ ಅದನ್ನು ತನ್ನದೇ ರೀತಿಯಲ್ಲಿ ಮಾಡುತ್ತದೆ. ರಿಯಾಕ್ಟ್‌ನಲ್ಲಿ ಸ್ಟೇಟ್ ಬದಲಿಸುವ ಫಂಕ್ಷನ್ನನ್ನು ನಾವೇ ಕರೆದು ತಿಳಿಸಬೇಕು. ವ್ಯೂ ಜೆಎಸ್‌ನ 2ನೇ ಆವೃತ್ತಿ ಪ್ರಾಪರ್ಟಿಗಳಿಗೆ ಗೆಟರ್ ಮತ್ತು ಸೆಟರ್‌ಗಳನ್ನು ಜೋಡಿಸಿ, 2020ರಲ್ಲಿ ಬಂದ 3ನೇ ಆವೃತ್ತಿ ಪ್ರಾಕ್ಸಿಯನ್ನು ಬಳಸಿ, ಮೌಲ್ಯ ಬರೆದ ಕ್ಷಣದಲ್ಲೇ ಬದಲಾವಣೆಯನ್ನು ಹಿಡಿಯುತ್ತವೆ. ಹಳೆಯ ಆಂಗ್ಯುಲರ್‌ಜೆಎಸ್ ಮೌಲ್ಯಗಳ ಮೇಲೆ ಕಣ್ಣಿಡುವ ಎಲ್ಲ ವಾಚರ್‌ಗಳನ್ನೂ ಸುತ್ತು ಸುತ್ತಾಗಿ ಹೋಲಿಸುತ್ತಿತ್ತು, ಹತ್ತು ಸುತ್ತಿನೊಳಗೆ ಮೌಲ್ಯಗಳು ನೆಲೆಗೊಳ್ಳದಿದ್ದರೆ ದೋಷ ಘೋಷಿಸಿ ನಿಲ್ಲುತ್ತಿತ್ತು.

2016ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ಆಂಗ್ಯುಲರ್ 2 ಇವೆಲ್ಲಕ್ಕಿಂತ ಬೇರೆಯ ದಾರಿ ಹಿಡಿಯಿತು. ಝೋನ್ ಜೆಎಸ್ ಎಂಬ ಲೈಬ್ರರಿಯು ಸೆಟ್‌ಟೈಮ್‌ಔಟ್, ಪ್ರಾಮಿಸ್, ಆಡ್‌ಈವೆಂಟ್‌ಲಿಸನರ್, ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟ್ ಮುಂತಾದ ಬ್ರೌಸರ್ ಸೌಲಭ್ಯಗಳಿಗೆ ತನ್ನದೊಂದು ಹೊದಿಕೆ ಹಾಕುತ್ತದೆ. ಇವುಗಳಲ್ಲಿ ಯಾವುದಾದರೂ ಒಂದು ಕಾಲ್‌ಬ್ಯಾಕ್ (ಆಮೇಲೆ ಓಡಿಸಲೆಂದು ಕೊಟ್ಟ ಫಂಕ್ಷನ್) ಓಡಿ ಮುಗಿದು, ಅದರ ಬೆನ್ನಿಗೇ ಓಡಬೇಕಾದ ಮೈಕ್ರೊಟಾಸ್ಕ್ ಎಂಬ ಸಣ್ಣ ಕೆಲಸಗಳ ಸಾಲು ಖಾಲಿಯಾದಾಗ ಆಂಗ್ಯುಲರ್‌ಗೆ ಸೂಚನೆ ಹೋಗುತ್ತದೆ. ಆಂಗ್ಯುಲರ್ ಕೂಡಲೇ ಅಪ್ಲಿಕೇಶನ್‌ನ ಟಿಕ್ ಮೆಥಡ್ ಅನ್ನು ಕರೆದು ತಪಾಸಣೆ ಆರಂಭಿಸುತ್ತದೆ. ಝೋನ್‌ಗೆ ತಿಳಿದಿರುವುದು ಏನೋ ಒಂದು ಕೆಲಸ ಮುಗಿಯಿತು ಎಂಬುದಷ್ಟೇ, ಯಾವ ಮೌಲ್ಯ ಬದಲಾಯಿತು, ಬದಲಾಯಿತೋ ಇಲ್ಲವೋ ಎಂಬುದೂ ಅದಕ್ಕೆ ಗೊತ್ತಿಲ್ಲ. ಆದ್ದರಿಂದಲೇ ಆಂಗ್ಯುಲರ್ ಕಾಂಪೊನೆಂಟ್‌ಗಳ ಮರದ ತುದಿಯಿಂದ ಹೊರಟು, ಮೇಲಿನಿಂದ ಕೆಳಕ್ಕೆ ಪ್ರತಿ ಕಾಂಪೊನೆಂಟ್‌ನ ಪ್ರತಿ ಬೈಂಡಿಂಗ್ ಅನ್ನೂ (ಪರದೆಗೆ ಕಟ್ಟಿದ ಮೌಲ್ಯವನ್ನೂ) ಹಿಂದಿನ ಮೌಲ್ಯದ ಜೊತೆ ಹೋಲಿಸುತ್ತ ಹೋಗುತ್ತದೆ. ವಿದ್ಯುತ್ ಮೀಟರ್ ಓದುವವರು ಬೀದಿಯ ಪ್ರತಿ ಮನೆಗೂ ಹೋಗಿ ಹಿಂದಿನ ರೀಡಿಂಗ್‌ಗೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನು ಬರೆದುಕೊಳ್ಳುವ ಹಾಗೆ, ಬೀಗ ಹಾಕಿದ ಮನೆಯ ಮೀಟರನ್ನೂ ಬಿಡುವಂತಿಲ್ಲ.

ಮೊದಲ ಪ್ರಶ್ನೆಯನ್ನು ಪರೀಕ್ಷಿಸುವುದು ಸುಲಭ. ಮೌಲ್ಯವನ್ನು ಬದಲಿಸುವ ಕಾಲ್‌ಬ್ಯಾಕ್‌ನೊಳಗೆ, ಆಂಗ್ಯುಲರ್‌ನ ಝೋನ್ ಆದ ಎನ್‌ಜಿಝೋನ್‌ನ ಈಸ್‌ಇನ್‌ಆಂಗ್ಯುಲರ್‌ಝೋನ್ ಮೆಥಡ್ ಕೊಡುವ ಉತ್ತರವನ್ನು ಲಾಗ್ ಮಾಡಿ. ಫಾಲ್ಸ್ ಎಂದು ಬಂದರೆ ಆ ಕೋಡ್ ಝೋನ್‌ನ ಹೊರಗೆ ಓಡುತ್ತಿದೆ, ಅಂದರೆ ಯಾರೂ ತಿಳಿಸಿಲ್ಲ. ನಕ್ಷೆ, ಪೇಮೆಂಟ್, ಚಾರ್ಟ್ ಮುಂತಾದ ಹೊರಗಿನ ಲೈಬ್ರರಿಗಳು ಝೋನ್ ಲೋಡ್ ಆಗುವ ಮೊದಲೇ ಬ್ರೌಸರ್‌ನ ಮೂಲ ಫಂಕ್ಷನ್‌ಗಳನ್ನು ತಮ್ಮ ಬಳಿ ಹಿಡಿದಿಟ್ಟುಕೊಂಡಿದ್ದರೆ, ಇಲ್ಲವೇ ನಮ್ಮದೇ ತಂಡದವರು ವೇಗಕ್ಕಾಗಿ, ಕೋಡನ್ನು ಝೋನ್‌ನ ಹೊರಗೆ ಓಡಿಸುವ ರನ್‌ಔಟ್‌ಸೈಡ್‌ಆಂಗ್ಯುಲರ್ ಬಳಸಿದ್ದರೆ ಹೀಗಾಗುತ್ತದೆ. ಮೌಲ್ಯ ಬದಲಿಸುವ ಭಾಗವನ್ನಷ್ಟೇ ಎನ್‌ಜಿಝೋನ್‌ನ ರನ್ ಮೆಥಡ್‌ನೊಳಗೆ ಇಟ್ಟರೆ ಸಾಕು, ಇಡೀ ಲೈಬ್ರರಿಯನ್ನು ಒಳಗೆ ಎಳೆದು ತರುವ ಅಗತ್ಯವಿಲ್ಲ. ಒಂದು ಕೆಲಸ ಮುಗಿಯುವವರೆಗೆ ಕಾಯಲು ಬಳಸುವ ಅಸಿಂಕ್ ಮತ್ತು ಅವೇಟ್ ಬಗ್ಗೆ ಒಂದು ಮಾತು: ಬ್ರೌಸರ್‌ನ ಮೂಲ ರೂಪದ ಅವೇಟ್‌ಗೆ ಝೋನ್ ಹೊದಿಕೆ ಹಾಕಲಾರದು. ಆಂಗ್ಯುಲರ್‌ನ ಸ್ವಂತ ಬಿಲ್ಡ್ ಸಾಧನವಾದ ಸಿಎಲ್‌ಐ ಬಿಲ್ಡ್ ಮಾಡುವಾಗ ಅದನ್ನು ಜನರೇಟರ್ ರೂಪಕ್ಕೆ ಇಳಿಸುವುದರಿಂದ ನಮಗೆ ಆ ಕೊರತೆ ಅರಿವಿಗೆ ಬರುವುದಿಲ್ಲ. ಬೇರೆ ಬಿಲ್ಡ್ ವ್ಯವಸ್ಥೆಗೆ ಬದಲಿಸುವವರು ಇದನ್ನು ನೆನಪಿನಲ್ಲಿಡಬೇಕು.

ತಿಳಿಸುವುದು ಅತಿಯಾದರೂ ತೊಂದರೆಯೇ. ನಮ್ಮ ಪುಟವನ್ನು ನೋಡುವವರು ಕಚೇರಿಯ ಲ್ಯಾಪ್‌ಟಾಪ್ ಮುಂದೆ ಕುಳಿತವರಲ್ಲ, ನೇರಳೆ ಮಾರ್ಗದಲ್ಲಿ ನಿಂತು ಪ್ರಯಾಣಿಸುತ್ತ ಸಾಧಾರಣ ಫೋನ್ ಹಿಡಿದವರು. ಕಬ್ಬನ್ ಪಾರ್ಕ್‌ನಿಂದ ಮೆಜೆಸ್ಟಿಕ್‌ವರೆಗೆ ರೈಲು ನೆಲದಡಿಯಲ್ಲಿ ಸಾಗುವಾಗ ಸಂಪರ್ಕ ಕಡಿದು, ಮರಳಿದಾಗ ಸರ್ವರ್ ಬಾಕಿ ಸಂದೇಶಗಳನ್ನೆಲ್ಲ ಒಟ್ಟಿಗೆ ಕಳುಹಿಸುತ್ತದೆ ಎಂದಿಟ್ಟುಕೊಳ್ಳಿ. ಪ್ರತಿ ಸಂದೇಶವೂ ಪ್ರತ್ಯೇಕ ಟಾಸ್ಕ್ ಆದ್ದರಿಂದ ಪ್ರತಿ ಸಂದೇಶಕ್ಕೂ ಇಡೀ ಮರದ ಒಂದು ತಪಾಸಣೆ ನಡೆಯುತ್ತದೆ. ಸೆಕೆಂಡಿಗೆ 60 ಬಾರಿ ಹೊಸದಾಗುವ ಪರದೆಯಲ್ಲಿ ಒಂದು ಫ್ರೇಮ್‌ಗೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. ಅಷ್ಟರೊಳಗೆ ಹತ್ತಾರು ತಪಾಸಣೆಗಳು ಮುಗಿಯದಿದ್ದರೆ ಬೆರಳಿನ ಸ್ಪರ್ಶಕ್ಕೆ ಪುಟ ತಡವಾಗಿ ಸ್ಪಂದಿಸುತ್ತದೆ. ಸಂದೇಶಗಳನ್ನು ಝೋನ್‌ನ ಹೊರಗೆ ಸ್ವೀಕರಿಸಿ, ಒಂದೆಡೆ ಕೂಡಿಹಾಕಿ, ಒಮ್ಮೆ ಮಾತ್ರ ಒಳಗೆ ತರುವುದು ಸರಿಯಾದ ಕ್ರಮ. ಸ್ಕ್ರೋಲ್ ಮತ್ತು ಮೌಸ್‌ಮೂವ್ ಈವೆಂಟ್‌ಗಳಿಗೂ ಇದೇ ಉಪಾಯ.

ತಪಾಸಣೆ ಇಲ್ಲಿಯವರೆಗೆ ತಲುಪಿತೇ?

ಪರದೆ ಹಳೆಯದನ್ನೇ ತೋರಿಸುವ ದೋಷಗಳಲ್ಲಿ ಹೆಚ್ಚಿನವು ಈ ಎರಡನೆಯ ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತವೆ, ಆದ್ದರಿಂದ ಇಲ್ಲಿ ತುಸು ಹೊತ್ತು ನಿಲ್ಲೋಣ. ಕಾಂಪೊನೆಂಟ್‌ಗೆ ಆನ್‌ಪುಶ್ ಎಂಬ ಕಾರ್ಯವಿಧಾನ ಕೊಟ್ಟರೆ, ತನಗೆ ಕಾರಣ ಸಿಗದ ಹೊರತು ಆಂಗ್ಯುಲರ್ ಅದರ ಟೆಂಪ್ಲೇಟನ್ನು (ಪರದೆಯಲ್ಲಿ ಕಾಣುವ ಭಾಗದ ನಮೂನೆಯನ್ನು) ತಪಾಸಣೆ ಮಾಡದೆ ದಾಟಿ ಹೋಗುತ್ತದೆ. ತಾಯಿ ಕಾಂಪೊನೆಂಟ್‌ನ ಟೆಂಪ್ಲೇಟಿನಿಂದ ಬರುವ ಇನ್‌ಪುಟ್‌ನ ಮೌಲ್ಯ ಅಥವಾ ರೆಫರೆನ್ಸ್ (ಯಾವ ಆಬ್ಜೆಕ್ಟ್ ಎಂಬ ಗುರುತು) ಬದಲಾಗಿರಬೇಕು. ಇಲ್ಲವೇ ಆ ಕಾಂಪೊನೆಂಟ್‌ನ ಅಥವಾ ಅದರೊಳಗಿನ ಮತ್ತೊಂದರ ಟೆಂಪ್ಲೇಟಿನಲ್ಲಿ ಕಟ್ಟಿದ ಈವೆಂಟ್ ನಡೆದಿರಬೇಕು. ಇಲ್ಲವೇ ಆಗಾಗ ಬರುವ ಮೌಲ್ಯಗಳನ್ನು ಟೆಂಪ್ಲೇಟಿಗೆ ತಲುಪಿಸುವ ಅಸಿಂಕ್ ಪೈಪ್‌ಗೆ ಹೊಸ ಮೌಲ್ಯ ಬಂದಿರಬೇಕು. ಇಲ್ಲವೇ ಟೆಂಪ್ಲೇಟ್ ಓದುವ ಸಿಗ್ನಲ್ (ಬದಲಾದಾಗ ತಾನೇ ತಿಳಿಸುವ ಮೌಲ್ಯ) ಬದಲಾಗಿರಬೇಕು. ಇದಾವುದೂ ಇಲ್ಲದಿದ್ದರೆ ತಪಾಸಣೆ ಬೇಕೆಂದು ಗುರುತು ಹಾಕುವ ಮಾರ್ಕ್‌ಫಾರ್‌ಚೆಕ್ ಅನ್ನು ನಾವೇ ಕರೆದಿರಬೇಕು. ಆನ್‌ಪುಶ್ ಕಾಂಪೊನೆಂಟ್‌ನೊಳಗೆ ಸೆಟ್‌ಟೈಮ್‌ಔಟ್ ಮೂಲಕ ಒಂದು ಸಾದಾ ಫೀಲ್ಡ್ ಬದಲಿಸಿದರೆ ಝೋನ್ ಸೂಚನೆ ಕೊಡುತ್ತದೆ, ತಪಾಸಣೆ ಹೊರಡುತ್ತದೆ, ಆದರೆ ಮೇಲಿನ ಯಾವ ಕಾರಣವೂ ಇಲ್ಲದಿರುವುದರಿಂದ ಈ ಕಾಂಪೊನೆಂಟ್‌ನ ಬಾಗಿಲು ದಾಟುವುದಿಲ್ಲ. ಅನಂತರ ಯಾರೋ ಅದೇ ಫಲಕದ ಮೇಲೆ ಕ್ಲಿಕ್ ಮಾಡಿದಾಗ ಎರಡನೆಯ ಕಾರಣ ಒದಗಿ, ಬಾಕಿ ಉಳಿದಿದ್ದ ಬದಲಾವಣೆಯೂ ಜೊತೆಗೇ ಕಾಣಿಸಿಕೊಳ್ಳುತ್ತದೆ. ಬಟನ್ ಒತ್ತಿದರೆ ಸರಿಹೋಗುತ್ತದೆ ಎಂಬ ದೂರಿನ ಗುಟ್ಟು ಇಷ್ಟೇ.

ಈಗ ನಮ್ಮ ಫಲಕವನ್ನು ಹತ್ತಿರದಿಂದ ನೋಡೋಣ. ಫಲಕವೂ ಸಾಲೂ ಎರಡೂ ಆನ್‌ಪುಶ್ ಆಗಿವೆ. ಫಲಕಕ್ಕೆ ರೈಲುಗಳ ಅರೇ (ಪಟ್ಟಿ) ಇನ್‌ಪುಟ್ ಆಗಿ ಬರುತ್ತದೆ. ಫಲಕದ ತಲೆಬರಹದಲ್ಲಿ ಮೊದಲ ರೈಲು ಇನ್ನೆಷ್ಟು ನಿಮಿಷಕ್ಕೆ ಎಂಬುದನ್ನು ತೋರಿಸಿ, ಕೆಳಗೆ ಒಂದೊಂದು ಸಾಲಿಗೂ ಒಂದೊಂದು ರೈಲಿನ ಆಬ್ಜೆಕ್ಟ್ ಕೊಡಲಾಗಿದೆ. ವೈಟ್‌ಫೀಲ್ಡ್ ಕಡೆಯ ರೈಲು 4 ನಿಮಿಷದಿಂದ 3 ನಿಮಿಷಕ್ಕೆ ಬಂದಿದೆ ಎಂಬ ಸಂದೇಶ ತಲುಪಿದಾಗ ನಿಲ್ದಾಣ ಕಾಂಪೊನೆಂಟ್ ಅರೇಯ ಮೊದಲ ಆಬ್ಜೆಕ್ಟ್‌ನ ನಿಮಿಷವನ್ನು ನೇರವಾಗಿ 3 ಎಂದು ತಿದ್ದುತ್ತದೆ. ಅರೇಯ ರೆಫರೆನ್ಸ್ ಅದೇ ಇರುವುದರಿಂದ ಫಲಕದ ಮಟ್ಟಿಗೆ ಏನೂ ಆಗಿಲ್ಲ, ತಲೆಬರಹದಲ್ಲೂ ಸಾಲಿನಲ್ಲೂ 4 ಹಾಗೆಯೇ ನಿಲ್ಲುತ್ತದೆ.

ಇದನ್ನು ಕಂಡವರು ಯಾರೋ ಸ್ಪ್ರೆಡ್ ಬಳಸಿ ಅರೇಯ ಹೊಸ ಪ್ರತಿ ಮಾಡಿ ಎನ್ನುತ್ತಾರೆ. ಹಾಗೆ ಮಾಡಿದಾಗ ತಲೆಬರಹ 3ಕ್ಕೆ ಬರುತ್ತದೆ, ಆದರೆ ಅದರ ಕೆಳಗಿನ ಸಾಲಿನಲ್ಲಿ 4 ಉಳಿಯುತ್ತದೆ. ಒಂದೇ ರೈಲಿಗೆ ಒಂದೇ ಪರದೆಯಲ್ಲಿ ಎರಡು ಸಮಯ! ಸ್ಪ್ರೆಡ್ ಹೊಸದು ಮಾಡಿದ್ದು ಹೊರಗಿನ ಅರೇಯನ್ನು ಮಾತ್ರ. ಒಳಗಿನ ರೈಲಿನ ಆಬ್ಜೆಕ್ಟ್ ಹಳೆಯದೇ ಆದ್ದರಿಂದ ತಪಾಸಣೆ ಫಲಕದೊಳಗೆ ಬಂದರೂ ಸಾಲಿನ ಇನ್‌ಪುಟ್ ಬದಲಾಗದೆ ಅಲ್ಲಿಗೇ ನಿಂತಿತು. ಪೂರ್ತಿ ಹಳೆಯದಾದ ಪರದೆಗಿಂತ ಹೀಗೆ ಅರ್ಧ ಹೊಸದಾದ ಪರದೆ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಪರೀಕ್ಷಿಸುವವರು ತಲೆಬರಹ ನೋಡಿ ಸರಿಯಿದೆ ಎಂದುಕೊಂಡು ಮುಂದೆ ಹೋಗುತ್ತಾರೆ. ಸರಿಯಾದ ದಾರಿಯೆಂದರೆ ಮ್ಯಾಪ್ ಬಳಸಿ ಹೊಸ ಅರೇ ಕಟ್ಟುವುದು, ಬದಲಾದ ರೈಲಿಗೆ ಮಾತ್ರ ಹೊಸ ಆಬ್ಜೆಕ್ಟ್ ಕೊಡುವುದು, ಉಳಿದ ರೈಲುಗಳ ಹಳೆಯ ಆಬ್ಜೆಕ್ಟ್‌ಗಳನ್ನೇ ಹಾಗೆಯೇ ಮುಂದುವರಿಸುವುದು. ಆಗ ಬದಲಾದ ಸಾಲು ಮಾತ್ರ ತಪಾಸಣೆಗೆ ಒಳಗಾಗುತ್ತದೆ, ಮಿಕ್ಕವನ್ನು ಆಂಗ್ಯುಲರ್ ದಾಟಿ ಹೋಗುತ್ತದೆ. ಇದರ ಜೊತೆಗೆ, ಟೆಂಪ್ಲೇಟಿನಲ್ಲಿ ಸಾಲುಗಳನ್ನು ಒಂದೊಂದಾಗಿ ಕಟ್ಟುವ ಫಾರ್ ಬ್ಲಾಕ್‌ನ ಟ್ರ್ಯಾಕ್‌ಗೆ ರೈಲಿನ ಗುರುತು ಸಂಖ್ಯೆಯನ್ನೇ ಕೊಡಬೇಕು. ಆಬ್ಜೆಕ್ಟನ್ನೇ ಕೊಟ್ಟರೆ ಹೊಸ ಆಬ್ಜೆಕ್ಟ್ ಬಂದಾಗಲೆಲ್ಲ ಆ ಸಾಲಿನ ಡಾಮ್ ಕಿತ್ತು ಹೊಸದಾಗಿ ಕಟ್ಟಲಾಗುತ್ತದೆ. 2023ರ ನವೆಂಬರ್‌ನಲ್ಲಿ ಬಂದ ಆಂಗ್ಯುಲರ್ 17ರ ಹೊಸ ಫಾರ್ ಬ್ಲಾಕ್‌ನಲ್ಲಿ ಟ್ರ್ಯಾಕ್ ಅನ್ನು ಕಡ್ಡಾಯ ಮಾಡಿದ್ದು ಒಳ್ಳೆಯ ನಿರ್ಧಾರ.

ತಪಾಸಣೆ ತಲುಪಿತೋ ಇಲ್ಲವೋ ಎಂದು ನೋಡಲು ಹಲವರು ಆಂಗ್ಯುಲರ್ ತಾನೇ ಕರೆಯುವ ಎನ್‌ಜಿಡುಚೆಕ್ ಎಂಬ ಮೆಥಡ್‌ನಲ್ಲಿ ಲಾಗ್ ಹಾಕುತ್ತಾರೆ. ಇದು ದಾರಿ ತಪ್ಪಿಸುತ್ತದೆ. ಎನ್‌ಜಿಡುಚೆಕ್ ಓಡುವುದು ತಾಯಿ ಕಾಂಪೊನೆಂಟ್‌ನ ತಪಾಸಣೆಯ ಭಾಗವಾಗಿ, ಆದ್ದರಿಂದ ಆನ್‌ಪುಶ್ ಮಗುವಿನ ಟೆಂಪ್ಲೇಟನ್ನು ದಾಟಿ ಹೋದಾಗಲೂ ಅದರ ಎನ್‌ಜಿಡುಚೆಕ್ ಮಾತ್ರ ಓಡಿರುತ್ತದೆ. ಟೆಂಪ್ಲೇಟಿನಲ್ಲೇ ತಾತ್ಕಾಲಿಕವಾಗಿ ಒಂದು ಫಂಕ್ಷನ್ ಕರೆದು ಅದರೊಳಗೆ ಲಾಗ್ ಮಾಡಿದರೆ ಸಿಗುವ ಉತ್ತರವನ್ನು ನಂಬಬಹುದು. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಲು ಮರೆಯಬಾರದು. ಲಾಗ್ ಬರದಿದ್ದರೆ ಕೇವಲ ಈ ಕಾಂಪೊನೆಂಟನ್ನು ನೋಡದೆ ಮೇಲಕ್ಕೂ ಹೋಗಿ ನೋಡಿ. ಮಗು ಡೀಫಾಲ್ಟ್ ವಿಧಾನದ್ದೇ ಆಗಿದ್ದರೂ ಅದರ ಮೇಲಿನ ಯಾವುದೋ ಒಂದು ಆನ್‌ಪುಶ್ ಆಗಿ ದಾಟಿ ಹೋಗಿದ್ದರೆ ಅದರ ಕೆಳಗಿನ ಇಡೀ ಕೊಂಬೆಯೇ ಬಿಟ್ಟುಹೋಗಿರುತ್ತದೆ.

ಮಾರ್ಕ್‌ಫಾರ್‌ಚೆಕ್ ಮತ್ತು ಡಿಟೆಕ್ಟ್‌ಚೇಂಜಸ್ ಎರಡನ್ನೂ ಒಂದರ ಬದಲಿಗೆ ಇನ್ನೊಂದಾಗಿ ಬಳಸುವುದನ್ನು ಕಾಣುತ್ತೇನೆ, ಆದರೆ ಅವುಗಳ ದಿಕ್ಕೇ ಬೇರೆ. ಮಾರ್ಕ್‌ಫಾರ್‌ಚೆಕ್ ಈ ಕಾಂಪೊನೆಂಟ್‌ನಿಂದ ಮೇಲಕ್ಕೆ, ಮರದ ತುದಿಯವರೆಗೆ ಎಲ್ಲ ಪೂರ್ವಜರಿಗೂ ಗುರುತು ಹಾಕಿ, ಮುಂದಿನ ತಪಾಸಣೆ ಇಲ್ಲಿಗೆ ಬರುವ ದಾರಿಯನ್ನು ತೆರೆದಿಡುತ್ತದೆ. ಡಿಟೆಕ್ಟ್‌ಚೇಂಜಸ್ ಮೇಲಕ್ಕೆ ನೋಡುವುದೇ ಇಲ್ಲ, ಈ ಕಾಂಪೊನೆಂಟನ್ನೂ ಅದರ ಮಕ್ಕಳನ್ನೂ ಆ ಕ್ಷಣದಲ್ಲೇ ತಪಾಸಣೆ ಮಾಡುತ್ತದೆ. ಲೂಪ್‌ನೊಳಗೆ ಕರೆದರೆ ಲೂಪ್‌ನ ಪ್ರತಿ ಸುತ್ತಿಗೂ ಒಂದು ಪೂರ್ಣ ತಪಾಸಣೆ ನಡೆಯುತ್ತದೆ. ಸಂದೇಹವಿದ್ದಾಗ ಮಾರ್ಕ್‌ಫಾರ್‌ಚೆಕ್ ಬಳಸಿ. ಅದಕ್ಕಿಂತಲೂ ಮೇಲು, ಮೌಲ್ಯವನ್ನು ಅಸಿಂಕ್ ಪೈಪ್ ಮೂಲಕ ಟೆಂಪ್ಲೇಟಿಗೆ ಕೊಡುವುದು, ಏಕೆಂದರೆ ಆ ಪೈಪ್ ಮಾರ್ಕ್‌ಫಾರ್‌ಚೆಕ್ ಅನ್ನು ತಾನೇ ಕರೆಯುತ್ತದೆ ಮತ್ತು ಕಾಂಪೊನೆಂಟ್ ಅಳಿದಾಗ ಸಬ್‌ಸ್ಕ್ರಿಪ್ಷನ್ ಅನ್ನು ತಾನೇ ಬಿಡಿಸುತ್ತದೆ.

ವ್ಯತ್ಯಾಸ ಕಂಡಿತೇ?

ಬೈಂಡಿಂಗ್‌ನ ಹೋಲಿಕೆ ನಡೆಯುವುದು ಆಬ್ಜೆಕ್ಟ್ ಡಾಟ್ ಈಸ್ ಎಂಬ ನಿಯಮದಂತೆ. ಆಬ್ಜೆಕ್ಟ್‌ನ ಒಳಗೆ ಇಳಿದು ನೋಡುವ ಕೆಲಸವನ್ನು ಆಂಗ್ಯುಲರ್ ಮಾಡುವುದಿಲ್ಲ. ಇಲ್ಲಿ ಹೆಚ್ಚಾಗಿ ಕಣ್ತಪ್ಪುವುದು ಪೈಪ್‌ಗಳು, ಅಂದರೆ ಟೆಂಪ್ಲೇಟಿನಲ್ಲಿ ಮೌಲ್ಯವನ್ನು ಮಾರ್ಪಡಿಸಿ ಕೊಡುವ ಸಾಧನಗಳು. ಪೈಪ್‌ಗಳು ಸಾಮಾನ್ಯವಾಗಿ ಪ್ಯೂರ್ ಆಗಿರುತ್ತವೆ, ಅಂದರೆ ಕೊಟ್ಟ ಮೌಲ್ಯದ ರೆಫರೆನ್ಸ್ ಬದಲಾಗದೆ ಮತ್ತೆ ಲೆಕ್ಕ ಹಾಕುವುದಿಲ್ಲ. ರೈಲುಗಳನ್ನು ಸಮಯದ ಕ್ರಮದಲ್ಲಿ ಜೋಡಿಸುವ ಪೈಪ್‌ಗೆ ಅದೇ ಅರೇಯನ್ನು ತಿದ್ದಿ ಕೊಟ್ಟರೆ, ಕಾಂಪೊನೆಂಟ್‌ನ ತಪಾಸಣೆ ನಡೆದರೂ ಕ್ರಮ ಹಳೆಯದೇ ಇರುತ್ತದೆ. ಪೈಪ್ ಅನ್ನು ಇಂಪ್ಯೂರ್ ಮಾಡಿ ಸರಿಪಡಿಸಿದರೆ ಪ್ರತಿ ತಪಾಸಣೆಯಲ್ಲೂ ಜೋಡಣೆ ಮತ್ತೆ ನಡೆಯುತ್ತದೆ, ಆ ದಾರಿ ಬೇಡ.

ಇದೇ ಹಂತದಲ್ಲಿ ಎದುರಾಗುವ ಇನ್ನೊಂದು ಸಂಗತಿಯೆಂದರೆ ಎನ್‌ಜಿ0100 ಎಂಬ ದೋಷ. ಡೆವಲಪ್‌ಮೆಂಟ್ ಮೋಡ್‌ನಲ್ಲಿ ಆಂಗ್ಯುಲರ್ ಒಮ್ಮೆ ತಪಾಸಣೆ ಮುಗಿಸಿ, ಏನನ್ನೂ ಬರೆಯದೆ ಎರಡನೆಯ ಬಾರಿ ಹೋಲಿಸಿ ನೋಡುತ್ತದೆ. ಮೊದಲ ಸುತ್ತಿನಲ್ಲಿ ತೋರಿಸಿದ ಮೌಲ್ಯ ಎರಡನೆಯ ಸುತ್ತಿನಲ್ಲಿ ಬೇರೆಯಾಗಿದ್ದರೆ ಈ ದೋಷವನ್ನು ಎಸೆಯುತ್ತದೆ. ಮಾಹಿತಿ ಮೇಲಿನಿಂದ ಕೆಳಕ್ಕೆ ಹರಿಯಬೇಕಾದ ಮರದಲ್ಲಿ, ಮಗು ತನ್ನ ಟೆಂಪ್ಲೇಟ್ ಸಿದ್ಧವಾದ ಮೇಲೆ ಓಡುವ ಎನ್‌ಜಿಆಫ್ಟರ್‌ವ್ಯೂಇನಿಟ್‌ನಲ್ಲಿ ಈಗಾಗಲೇ ತಪಾಸಣೆ ಮುಗಿದ ತಾಯಿಯ ಮೌಲ್ಯವನ್ನು ತಿದ್ದಿದಾಗ ಹೀಗಾಗುತ್ತದೆ. ಸೆಟ್‌ಟೈಮ್‌ಔಟ್ ಸೇರಿಸಿದರೆ ದೋಷದ ಸಂದೇಶ ಮಾಯವಾಗುವುದು ನಿಜ, ಆದರೆ ತಿದ್ದುಪಡಿ ಮುಂದಿನ ಟಾಸ್ಕ್‌ಗೆ ಜಾರಿ, ಪರದೆ ಒಮ್ಮೆ ತಪ್ಪು ಮೌಲ್ಯ ತೋರಿಸಿ ಆಮೇಲೆ ಸರಿಯಾದದ್ದನ್ನು ತೋರಿಸಬಹುದು. ಆ ಮೌಲ್ಯ ನಿಜವಾಗಿ ಯಾರಿಗೆ ಸೇರಿದ್ದು ಎಂದು ಯೋಚಿಸಿ ಅದನ್ನು ತಾಯಿಗೆ ಅಥವಾ ಸರ್ವಿಸ್‌ಗೆ ಎತ್ತಿಡುವುದೇ ನಿಜವಾದ ಪರಿಹಾರ.

ಸಿಗ್ನಲ್‌ಗಳು ಬಂದ ಮೇಲೆ

2023ರ ಮೇ ತಿಂಗಳಲ್ಲಿ ಬಂದ ಆಂಗ್ಯುಲರ್ 16 ಸಿಗ್ನಲ್‌ಗಳನ್ನು ಪರಿಚಯಿಸಿತು. ಟೆಂಪ್ಲೇಟ್ ಒಂದು ಸಿಗ್ನಲ್ ಅನ್ನು ಓದಿದಾಗ, ಈ ಸಿಗ್ನಲ್‌ಗೆ ಈ ಟೆಂಪ್ಲೇಟ್ ಕಾಯುತ್ತಿದೆ ಎಂಬ ಸಂಬಂಧ ದಾಖಲಾಗುತ್ತದೆ, ಆದ್ದರಿಂದ ಮೌಲ್ಯ ಬದಲಾದಾಗ ಯಾರು ತಿಳಿಸಬೇಕು, ಎಲ್ಲಿಗೆ ತಲುಪಬೇಕು ಎಂಬ ಮೊದಲೆರಡು ಪ್ರಶ್ನೆಗಳಿಗೆ ಸಿಗ್ನಲ್ ತಾನೇ ಉತ್ತರ ಕೊಡುತ್ತದೆ. ಮಾರ್ಕ್‌ಫಾರ್‌ಚೆಕ್‌ನಂತೆ ಪೂರ್ವಜರೆಲ್ಲರ ತಪಾಸಣೆ ನಡೆಯಬೇಕಾಗಿಲ್ಲ. ದಾರಿಯಲ್ಲಿರುವ ಆನ್‌ಪುಶ್ ಪೂರ್ವಜರನ್ನು ಆಂಗ್ಯುಲರ್ ಹಾದು ಮಾತ್ರ ಹೋಗಿ, ಕಾಯುತ್ತಿರುವ ಟೆಂಪ್ಲೇಟನ್ನಷ್ಟೇ ಹೊಸದಾಗಿಸಬಲ್ಲದು. ಮೂರನೆಯ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ಸಿಗ್ನಲ್‌ನ ಅಪ್‌ಡೇಟ್ ಮೆಥಡ್‌ನೊಳಗೆ ಅದೇ ಅರೇಯನ್ನು ತಿದ್ದಿ ಅದನ್ನೇ ಮರಳಿಸಿದರೆ ಸಿಗ್ನಲ್ ಎರಡೂ ಒಂದೇ ಎಂದು ತೀರ್ಮಾನಿಸಿ ಸುಮ್ಮನಿರುತ್ತದೆ. ಇದ್ದ ಮೌಲ್ಯವನ್ನೇ ತಿದ್ದಲು ಮೊದಲು ಇದ್ದ ಮ್ಯೂಟೇಟ್ ಮೆಥಡ್ ಅನ್ನು 17ನೇ ಆವೃತ್ತಿಯಲ್ಲಿ ತೆಗೆದುಹಾಕಿದ್ದರಿಂದ ಹೊಸ ಅರೇ ಕಟ್ಟುವ ಶಿಸ್ತು ಇಲ್ಲಿಯೂ ಬೇಕು.

ಝೋನ್ ಜೆಎಸ್ ಇಲ್ಲದೆಯೇ ಅಪ್ಲಿಕೇಶನ್ ನಡೆಸುವ ಸೌಲಭ್ಯ 2024ರ ಮೇ ತಿಂಗಳ ಆಂಗ್ಯುಲರ್ 18ರಲ್ಲಿ ಪ್ರಯೋಗವಾಗಿ ಬಂದು, 2025ರ ನವೆಂಬರ್‌ನ 21ನೇ ಆವೃತ್ತಿಯ ಹೊತ್ತಿಗೆ ಹೊಸ ಪ್ರಾಜೆಕ್ಟ್‌ಗಳಿಗೆ ಡೀಫಾಲ್ಟ್ ಆಯಿತು. ಹಳೆಯ ಪ್ರಾಜೆಕ್ಟ್ ಅನ್ನು ಹೀಗೆ ಬದಲಿಸುವವರು ಝೋನ್ ತೆಗೆಯುವುದರಿಂದ ಆರಂಭಿಸಬಾರದು. ಮೊದಲು ಕಾಂಪೊನೆಂಟ್‌ಗಳನ್ನು ಒಂದೊಂದಾಗಿ ಆನ್‌ಪುಶ್ ಮಾಡಿ. ಅದರಿಂದ ಕೆಟ್ಟುಹೋದ ಜಾಗಗಳಲ್ಲಿ ಸಾದಾ ಫೀಲ್ಡ್‌ಗಳನ್ನು ಸಿಗ್ನಲ್ ಆಗಿಸಿ ಅಥವಾ ಅಸಿಂಕ್ ಪೈಪ್ ಬಳಸಿ. ಎಲ್ಲವೂ ಆನ್‌ಪುಶ್‌ನಲ್ಲಿ ಸರಿಯಾಗಿ ನಡೆದ ಮೇಲೆ ಝೋನ್ ತೆಗೆದರೆ ಆಗುವ ಆಘಾತ ಕಡಿಮೆ. ಝೋನ್ ಇಲ್ಲದ ಕಡೆ ಸೆಟ್‌ಟೈಮ್‌ಔಟ್‌ನೊಳಗೆ ಸಾದಾ ಫೀಲ್ಡ್ ಬದಲಿಸಿದರೆ ಯಾರಿಗೂ ಸುದ್ದಿ ಹೋಗುವುದಿಲ್ಲ, ಹಾಗಾಗಿ ಆರಂಭದಲ್ಲಿ ಹೇಳಿದ, ಸೆಟ್‌ಟೈಮ್‌ಔಟ್ ಸೇರಿಸುವ ಆ ಹಳೆಯ ಉಪಾಯವೂ ಅಲ್ಲಿ ನಡೆಯದು. ಈಸ್‌ಇನ್‌ಆಂಗ್ಯುಲರ್‌ಝೋನ್ ಕೂಡ ಅಲ್ಲಿ ಸದಾ ಫಾಲ್ಸ್ ಎನ್ನುತ್ತದೆ, ಅದನ್ನು ನೆಚ್ಚಿ ಬರೆದ ಕೋಡ್ ಇದ್ದರೆ ಹುಡುಕಿ ತೆಗೆಯಿರಿ.

ಕೊನೆಯದಾಗಿ ಯೂನಿಟ್ ಟೆಸ್ಟ್‌ಗಳ ವಿಷಯ. ಆನ್‌ಪುಶ್ ಕಾಂಪೊನೆಂಟ್‌ನ ಇನ್‌ಪುಟ್‌ಗೆ ಟೆಸ್ಟ್‌ನೊಳಗೆ ನೇರವಾಗಿ ಮೌಲ್ಯ ಕೊಟ್ಟು, ಟೆಸ್ಟ್‌ನಲ್ಲಿ ಕಾಂಪೊನೆಂಟನ್ನು ಹಿಡಿದಿಡುವ ಫಿಕ್ಸ್‌ಚರ್‌ನ ಡಿಟೆಕ್ಟ್‌ಚೇಂಜಸ್ ಕರೆದರೆ ಮೊದಲ ಬಾರಿ ಸರಿಯಾದ ಫಲ ಬಂದು ಎರಡನೆಯ ಬಾರಿ ಹಳೆಯದೇ ಉಳಿಯುತ್ತದೆ, ಏಕೆಂದರೆ ಹಾಗೆ ಕೊಟ್ಟ ಮೌಲ್ಯ ಟೆಂಪ್ಲೇಟಿನ ಮೂಲಕ ಬಂದ ಇನ್‌ಪುಟ್ ಎಂದು ಲೆಕ್ಕಕ್ಕೆ ಬರುವುದಿಲ್ಲ. ಕಾಂಪೊನೆಂಟ್‌ರೆಫ್‌ನ ಸೆಟ್‌ಇನ್‌ಪುಟ್ ಮೂಲಕ ಕೊಟ್ಟರೆ ಗುರುತು ತಾನಾಗಿ ಬೀಳುತ್ತದೆ. ನಮ್ಮ ಸಾಲಿಗೆ ಟೆಸ್ಟ್ ಬರೆಯುವಾಗ 4 ನಿಮಿಷದ ರೈಲನ್ನು ಕೊಟ್ಟು ನೋಡಿ, ಆಮೇಲೆ 3 ನಿಮಿಷದ ಹೊಸ ಆಬ್ಜೆಕ್ಟ್ ಅನ್ನು ಸೆಟ್‌ಇನ್‌ಪುಟ್ ಮೂಲಕವೇ ಕೊಟ್ಟು ಎರಡನೆಯ ಬಾರಿಯೂ ಪಠ್ಯವನ್ನು ಪರಿಶೀಲಿಸಿ. ಮೊದಲ ರೆಂಡರ್ ಮಾತ್ರ ನೋಡುವ ಟೆಸ್ಟ್ ಈ ಬಗೆಯ ದೋಷವನ್ನು ಎಂದೂ ಹಿಡಿಯಲಾರದು.